ಕ್ಯಾಲೆಂಡರಿನಲ್ಲಿಲ್ಲದ ಹೆಸರು

“ಬೊಗಳೇ ಮುಂಡೆ, ಎಷ್ಟನೇ ದಿನ? ಬಾಯಾಗೇನು ಕಡುಬು ತುಂಬ್ಕಂಡೀಯ?”

ಎಲೆತೋಟದ ಬಾಗಿಲಲ್ಲಿ ಎರಡು ಕಲ್ಲುಕಂಬಗಳ ನಡುವೆ ಅಡ್ಡಲಾಗಿ ಹಾಕಿದ್ದ ಮತ್ತಿಮರದ ದಿಮ್ಮಿಯ ಆಚೆ ನಿಂತು, ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತ ಮೇಸ್ತ್ರಿ ಲೋಕಪ್ಪ ಕೇಳಿದ. ಈಚೆಗೆ ಹನ್ನೊಂದು ಹೆಂಗಸರು ಮಿಂದ ಒದ್ದೆಗೂದಲಿನಲ್ಲಿ, ಬರಿಗಾಲಿನಲ್ಲಿ ಸಾಲಾಗಿ ನಿಂತಿದ್ದರು. ಅವರ ಚಪ್ಪಲಿಗಳು ಬದುವಿನ ಕೆಳಗಿದ್ದವು. ವೀಳ್ಯದ ಬಳ್ಳಿಯ ಬಳಿ ಚಪ್ಪಲಿ ಸಲ್ಲದು, ಎಂಜಲು ಸಲ್ಲದು, ಮುಟ್ಟಾದವಳ ನೆರಳೂ ಸಲ್ಲದು. ಸೋಕಿದರೆ ಬಳ್ಳಿ ಬುಡಸಹಿತ ಬಾಡುವುದೆಂಬುದು ಸೊರಬದ ಕಡೆಯ ಆ ಊರಿನ ದೃಢವಾದ ನಂಬಿಕೆ. ಅದನ್ನು ಕಾಯುವುದಕ್ಕೆಂದೇ ಅಗಸೆಮರಕ್ಕೆ ಸೊಸೈಟಿಯ ಕ್ಯಾಲೆಂಡರೊಂದನ್ನು ಮೊಳೆ ಹೊಡೆದು ತೂಗುಹಾಕಲಾಗಿತ್ತು. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆಗಳ ಕೆಳಗೆ ಲೋಕಪ್ಪ ಹೆಂಗಸರ ಹೆಸರಿನ ಮೊದಲಕ್ಷರಗಳನ್ನು ಬರೆದಿಟ್ಟಿದ್ದ. ಯಾರ ಅಕ್ಷರದ ಸಮಯ ಹತ್ತಿರ ಬಂದಿತೋ ಅವಳಿಗೆ ಐದು ದಿನ ಒಳಗೆ ಪ್ರವೇಶವಿಲ್ಲ, ಕೂಲಿಯಿಲ್ಲ.

“ಇಪ್ಪತ್ತಾರು,” ಎಂದಳು ದ್ಯಾಮಮ್ಮ.

“ಸುಳ್ಳು! ‘ದ್ಯಾ’ ಅಂತ ಇಲ್ಲೈತಿ ನೋಡು, ಹೋದ ತಿಂಗಳ ಏಕಾದಶಿಗೆ. ಇವತ್ತಿಗೆ ಇಪ್ಪತ್ತೆಂಟು. ಎಲೆ ಕೊಯ್ಯಾವಾಗ ನಡುವೆ ಆದ್ರೆ ನಿಮ್ಮಪ್ಪ ಬಂದು ಬಳ್ಳಿ ಹಚ್ತಾನ? ನಡಿ ಮನೀಗೆ.”

“ಇನ್ನೂ ಆಗಿಲ್ಲ ಕಣಣ್ಣ. ದೇವರಾಣೆ.”

“ಆಗಿಲ್ಲ ಅಂತ ಸೀರೆ ಎತ್ತಿ ತೋರುಸ್ತೀಯ?”

ಸಾಲಿನಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಅವಮಾನವು ತನ್ನದಲ್ಲದ ದಿನ ನಗುವುದೂ ಅಲ್ಲಿ ಕೂಲಿಯ ಒಂದು ಭಾಗವೇ ಆಗಿತ್ತು.

ಅಷ್ಟರಲ್ಲಿ ಗುತ್ಯಮ್ಮ ಬಂದಳು. ತಡವಾಗಿ ಬಂದಳು, ಆದರೂ ಆತುರವಿಲ್ಲದೆ ಬಂದಳು. ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ. ಲೋಕಪ್ಪ ತಾನೇ ದಿಮ್ಮಿಯ ಒಂದು ತುದಿಯನ್ನೆತ್ತಿ ದಾರಿಬಿಟ್ಟ. ಎರಡು ವರ್ಷಗಳ ಹಿಂದೆ ಶಿಕಾರಿಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳ ಗರ್ಭಚೀಲವನ್ನು ತೆಗೆದಿದ್ದರು. ಅಂದಿನಿಂದ ಕ್ಯಾಲೆಂಡರಿನಲ್ಲಿ ಅವಳ ಹೆಸರಿಲ್ಲ. ಮೂವತ್ತು ದಿನಕ್ಕೆ ಮೂವತ್ತು ದಿನವೂ ಅವಳಿಗೆ ಕೆಲಸ.

ಬದುವಿನ ಕಲ್ಲಿನ ಮೇಲೆ ಕುಳಿತು ಎಲೆ ಜಗಿಯುತ್ತಿದ್ದ ತೋಟದ ಒಡೆಯ ಚಂದ್ರಶೇಖರ ಗೌಡ ಕೆಂಪುರಸವನ್ನು ತೋಟದ ಹೊರಗೆ ನೋಡಿ ಉಗುಳಿದ.

“ಗುತ್ಯಮ್ಮನ್ನ ನೋಡಿ ಕಲೀರೆ. ಮುಟ್ಟಿಲ್ಲ, ಮೈಲಿಗಿಲ್ಲ, ರಜಾ ಇಲ್ಲ. ಲೇ ದ್ಯಾಮಿ, ಗಂಡ ಸತ್ತು ಆರು ವರ್ಷ ಆತು, ಖಾಲಿ ಚೀಲ ಯಾಕೆ ಹೊತ್ಕಂಡು ತಿರುಗ್ತೀಯೆ? ತೆಗೆಸಿ ಒಗೆದು ಬಾ. ನಿನ್ನೂ ಕಾಯಂ ಮಾಡ್ತೀನಿ.”

ದ್ಯಾಮಮ್ಮ ಚಪ್ಪಲಿ ಮೆಟ್ಟಿಕೊಂಡು ಹಿಂದಿರುಗಿದಳು. ಗೌಡನ ಮಾತು ಅವಳನ್ನು ಸುಡಲಿಲ್ಲ. ಸುಟ್ಟದ್ದು ಗುತ್ಯಮ್ಮನ ಬೆನ್ನು. ದಿಮ್ಮಿಯೆತ್ತಿದ ಜಾಗದಲ್ಲಿ ತಲೆಯನ್ನೂ ಬಾಗಿಸದೆ ನಡೆದುಹೋದ ಆ ನೆಟ್ಟಗಿನ ಬೆನ್ನು.

ದ್ಯಾಮಮ್ಮನ ಹೊಸಿಲಿನಿಂದ ಗುತ್ಯಮ್ಮನ ಹಿತ್ತಿಲು ನೇರವಾಗಿ ಕಾಣುತ್ತಿದ್ದುದೇ ಎಲ್ಲ ಅನರ್ಥಕ್ಕೂ ಮೂಲ. ಆ ಹಿತ್ತಿಲಿನ ಹಗ್ಗದ ಮೇಲೆ ಹೊಸ ರವಿಕೆ ಒಣಗಿದರೆ ಈಕೆಗೆ ತಿಳಿಯುತ್ತಿತ್ತು. ಮೊಟ್ಟೆಯ ಸಿಪ್ಪೆ ತಿಪ್ಪೆಗೆ ಬಿದ್ದರೆ ತಿಳಿಯುತ್ತಿತ್ತು. ಸಂಜೆ ಅಲ್ಲಿಯ ಒಲೆಯಲ್ಲಿ ಒಗ್ಗರಣೆ ಸಿಡಿದರೆ ಇಲ್ಲಿ ಎದೆಯಲ್ಲಿ ಸಿಡಿಯುತ್ತಿತ್ತು. ಗುತ್ಯಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಗೌಡ “ಇವಳಿನ್ನು ಕಾಯಂ” ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದ್ದ. ಮರಳಿ ಬಂದ ಹತ್ತನೆಯ ದಿನ ಅವಳು ಬೋರಿನಿಂದ ತುಂಬಿದ ಕೊಡವನ್ನೆತ್ತಿಕೊಂಡು, ಹೊಟ್ಟೆ ಹಿಡಿದು, ನಡುದಾರಿಯಲ್ಲಿ ಕುಸಿದಳು. ಹೊಸಿಲಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ದ್ಯಾಮಮ್ಮ ನೋಡಿದಳು. ಏಳಲಿಲ್ಲ. ಉರುಳಿದ ಕೊಡದಿಂದ ನೀರು ಹರಿದುಹೋಗುವುದನ್ನು ಕಂಡು ಅವಳ ಒಳಗೆಲ್ಲೋ ತಂಪಾಗಿತ್ತು. ಅಂದಿನಿಂದ ಮಾತು ನಿಂತಿತು. ಗುತ್ಯಮ್ಮ ಎದುರಾದರೆ ದ್ಯಾಮಮ್ಮ ಪಕ್ಕಕ್ಕೆ ಉಗುಳಿ ಮುಖ ತಿರುಗಿಸುತ್ತಿದ್ದಳು.

ಗೌಡ ಕಾಯಂ ಮಾಡುವೆನೆಂದ ತಿಂಗಳು, ಮುಟ್ಟು ಮುಗಿದ ಮರುದಿನವೇ ದ್ಯಾಮಮ್ಮ ಲೋಕಪ್ಪನ ಬೈಕಿನ ಹಿಂದೆ ಕುಳಿತು ಶಿಕಾರಿಪುರಕ್ಕೆ ಹೋದಳು. ಬಿಳಿ ಹೋಗುತ್ತದೆಯೆಂದು ಹೇಳಿದಳು. ಡಾಕ್ಟರು ಅವಳ ಮುಖವನ್ನು ನೋಡದೆ ಯಂತ್ರದ ಪರದೆಯನ್ನು ನೋಡಿ, “ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತಮ್ಮ, ತೆಗೆದುಬಿಡೋಣ” ಎಂದರು. ಅಂಥ ಮಾತು ಕೇಳಿದ ಹೆಂಗಸರು ಅಳುತ್ತಾರೆ. ದ್ಯಾಮಮ್ಮ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡಳು. ಮೇಜಿನ ಮೇಲೆ ಮುದುಡಿ ಮಲಗಿಸಿ ಬೆನ್ನಿಗೆ ಸೂಜಿ ಚುಚ್ಚುವಾಗಲೂ ಅವಳ ಕಿವಿಯಲ್ಲಿದ್ದುದು, ‘ದ್ಯಾ’ ಎಂಬ ಅಕ್ಷರವನ್ನು ರಬ್ಬರು ಉಜ್ಜಿ ಅಳಿಸುವ ಸದ್ದು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವಳಿಗೆ ಚಾಪೆಯಿಂದ ಏಳಲಾಗಲಿಲ್ಲ. ಮಗ ಸೊರಬದ ಹಾಸ್ಟೆಲಿನಲ್ಲಿದ್ದ. ಒಂದೇ ಗೋಡೆಯ ಆಚೆಗಿದ್ದ ಓರಗಿತ್ತಿ ಪವಿತ್ರಳನ್ನು ಎರಡು ಸಲ ಕೂಗಿದಳು; ಓಗೊಡಲಿಲ್ಲ. ಬಾಗಿಲಲ್ಲಿ ನೀರಿನ ಕೊಡ ಇಳಿಸಿದ ಸದ್ದಾಯಿತು. ಒಳಬಂದವಳು ಗುತ್ಯಮ್ಮ.

“ಎಡಮಗ್ಗುಲಾಗು. ಕಾಲು ಮೊದ್ಲು ಕೆಳಗೆ ಬಿಡು. ಹೊಟ್ಟೆ ಬಿಗಿದು ಎದ್ರೆ ಹೊಲಿಗೆ ಹರೀತಾವೆ.”

“ನಿನ್ನ ಯಾರು ಕರೆದ್ರು?”

“ಯಾರೂ ಕರೀಲಿಲ್ಲ. ಕೆಮ್ಮು ಬಂದ್ರೆ ಈ ದಿಂಬು ಹೊಟ್ಟೆಗೆ ಒತ್ತಿ ಹಿಡ್ಕ.”

“ನಾ ಹೆಂಗೆ ಬಿದ್ದೀನಿ ಅಂತ ನೋಡಾಕೆ ಬಂದೀಯ?”

“ಹೂಂ ಮತ್ತೆ. ನೀ ಹೊಸ್ಲಾಗೆ ಕುಂತು ನನ್ನ ನೋಡಿರ್ಲಿಲ್ವೇನು? ಈಗ ನನ್ನ ಪಾಳಿ. ಗಂಜಿ ಕುಡಿ.”

ಕೇರಿಯಲ್ಲಿ ಚೀಲ ತೆಗೆಸಿಕೊಂಡ ಹೆಂಗಸರು ಇನ್ನೂ ನಾಲ್ವರಿದ್ದರು. ಹೊಸದಾಗಿ ತೆಗೆಸಿಕೊಂಡವಳಿಗೆ ನಲವತ್ತು ದಿನ ಒಬ್ಬಳು ನೀರು ತರುವುದು, ಒಬ್ಬಳು ಬಟ್ಟೆ ಒಗೆಯುವುದು, ಒಬ್ಬಳು ಸೌದೆ ಹಾಕಿಹೋಗುವುದು ಎಂದು ಅವರಲ್ಲೊಂದು ಸರದಿಯಿತ್ತು. ಅದನ್ನು ಕಟ್ಟಿದವಳು ಗುತ್ಯಮ್ಮ. “ನಾ ಕೊಡ ಎತ್ತಿ ಬಿದ್ದ ಮ್ಯಾಲೆ ಇನ್ಯಾರ್ನೂ ಎತ್ತಾಕೆ ಬಿಟ್ಟಿಲ್ಲ” ಎಂದಷ್ಟೇ ಅವಳು ಹೇಳಿದಳು.

ದ್ಯಾಮಮ್ಮನ ಅಸೂಯೆ ಆ ಗಂಜಿಯಿಂದ ತಣಿಯಲಿಲ್ಲ. ಕೊಡವೆತ್ತುವಾಗ ಗುತ್ಯಮ್ಮನ ಸೊಂಟ ಬಳುಕದಿರುವುದನ್ನು ಕಂಡಳು. ನಾಲ್ವರು ಅವಳ ಮಾತಿಗೆ ಎದ್ದು ನಡೆಯುವುದನ್ನು ಕಂಡಳು. ಉಪಕಾರ ಮಾಡುವಷ್ಟು ಇವಳಲ್ಲಿ ಮಿಕ್ಕಿದೆಯಲ್ಲಾ ಎಂಬುದೇ ಹೊಸದೊಂದು ಉರಿಯಾಯಿತು.

ಉರಿ ಮೈಗೂ ಬಂದಿತು. ಒಂಬತ್ತನೆಯ ದಿನ ಮಧ್ಯಾಹ್ನ ಕುತ್ತಿಗೆಯಿಂದ ಬೆಂಕಿಯೆದ್ದು, ರವಿಕೆ ಬೆವರಿನಲ್ಲಿ ತೊಯ್ದಿತು. ಗುತ್ಯಮ್ಮ ಮೊರದಿಂದ ಗಾಳಿ ಬೀಸಿದಳು.

“ನಿಂಗೂ ಹಿಂಗೇ ಉರೀತಿತ್ತಾ?”

“ಈಗ್ಲೂ ಉರೀತೈತಿ. ನಾ ತಡಾಗಿ ಬರಾದು ನೋಡಿ ‘ದೊರೆಸಾನಿ ಬಂದ್ಲು’ ಅಂತಿದ್ದೆಲ್ಲ? ರಾತ್ರಿ ಎಲ್ಲಾ ನಿದ್ದಿ ಇರ್ಲಿಲ್ಲ ಕಣೇ. ಗೋಡೆ ಹಿಡ್ಕಂಡು ಏಳಾಕೇ ಅಷ್ಟೊತ್ತು ಬೇಕಿತ್ತು. ಬೆನ್ನು ಬಗ್ಗಿಸಿದ್ರೆ ಮತ್ತೆ ನೆಟ್ಟಗೆ ಮಾಡಾಕಾಗಲ್ಲ, ಅದಕ್ಕೇ ಬಗ್ಗಲ್ಲ.” ಮೊರ ಬೀಸುತ್ತಲೇ ಕೇಳಿದಳು: “ನಂಗೆ ಗಡ್ಡೆ ಆಗಿತ್ತು, ರಗತ ನಿಲ್ತಿರ್ಲಿಲ್ಲ. ನಿಂಗೇನಾಗಿತ್ತು?”

“ಬಿಳಿ ಹೋಗ್ತಿತ್ತು.”

ಮೊರ ನಿಂತಿತು. “ಅಷ್ಟಕ್ಕೇ?”

“ಅಷ್ಟಕ್ಕಲ್ಲ. ನಿನ್ನಂಗೆ ಆಗಾಕೆ.”

ಗುತ್ಯಮ್ಮ ಮೊರವನ್ನು ಕೆಳಗಿಟ್ಟಳು. “ಒಂದು ಮಾತು ಹೇಳ್ತೀನಿ. ಹೊಡಿಯಾಕೆ ಏಳಬ್ಯಾಡ, ಹೊಲಿಗೆ ಹಸಿ ಐತಿ. ಆಪರೇಷನ್ನಿಗೆ ಮುಂಚೆ ಮೂರು ವರ್ಷ, ಮುಟ್ಟಾದಾಗ್ಲೂ ನಾ ತ್ವಾಟದೊಳಗೇ ಇದ್ದೆ. ಮೊದ್ಲ ಸಲ ಎಲೆ ಕೊಯ್ಯಾವಾಗ ಮಧ್ಯಾಹ್ನ ಆತು. ಹೆದರಿ ಬಾಯಿ ಬಿಡ್ಲಿಲ್ಲ. ಎಂಟು ದಿನ ಆ ಸಾಲು ನೋಡಾದೇ ಕೆಲಸ, ಯಾವಾಗ ಬಾಡ್ತೈತೋ ಅಂತ. ಚಿಗುರ್ತು ಕಣೇ! ಆಮ್ಯಾಲಿಂದ ಲೋಕಪ್ಪನ ಕೈಲಿ ಸುಳ್ಳು ತಾರೀಕು ಬರೆಸಿದೆ. ನಾ ಮುಟ್ಟದಿದ್ದ ಸಾಲೇ ಇಲ್ಲ. ಆ ಎಲೆ ದೇವರ ತಟ್ಟೀಗೂ ಹೋಗೈತಿ, ಗೌಡನ ಬಾಯಿಗೂ ಹೋಗೈತಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ? ನನ್ನ ಮಕ ಕಂಡ್ರೆ ಉಗುಳ್ತಿದ್ದೆಲ್ಲೇ.”

ದ್ಯಾಮಮ್ಮ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಬಂದದ್ದು ಕೆಮ್ಮಲ್ಲ.

ಇಪ್ಪತ್ತನೆಯ ದಿನ ಲೋಕಪ್ಪ ಬಾಗಿಲಲ್ಲಿ ಬೈಕು ನಿಲ್ಲಿಸಿ, ಇಳಿಯದೆಯೇ ಕೂಗಿದ.

“ಏ ದ್ಯಾಮಿ, ನಿನ್ ಹೆಸ್ರು ಅಳಿಸೀನಿ. ನಾಳೆ ಎಲೆ ಲಾರಿ ಬರ್ತೈತಿ, ಬಾ. ಆಗಲ್ಲ ಅಂದ್ರೆ ಬಿಡು, ನಿನ್ನ ಓರಗಿತ್ತಿ ಕಾಯ್ಕಂಡು ಕುಂತಾಳೆ. ಸೋಮವಾರ ಅವಳ್ನೂ ಶಿಕಾರಿಪುರಕ್ಕೆ ಕರ್ಕಂಡು ಹೋಗ್ತೀನಿ.”

ಪವಿತ್ರಳಿಗೆ ಇಪ್ಪತ್ತೆರಡು ವರ್ಷ. ಸೊಂಟದ ಮೇಲೊಂದು ಹೆಣ್ಣುಕೂಸು. ದ್ಯಾಮಮ್ಮ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದಾಗ ಅವಳು ಪಾತ್ರೆ ಉಜ್ಜುತ್ತಿದ್ದಳು. ಅಕ್ಕನನ್ನು ಕಂಡು ಪಕ್ಕಕ್ಕೆ ಉಗುಳಿದಳು. ಆ ಸದ್ದನ್ನು ದ್ಯಾಮಮ್ಮ ಕೂಡಲೇ ಗುರುತಿಸಿದಳು. ಎರಡು ವರ್ಷ ಅದು ತನ್ನದೇ ಬಾಯಲ್ಲಿತ್ತು.

“ಪವಿ, ಹೋಗಬ್ಯಾಡ ಕಣೇ. ಮುಟ್ಟಾದೋರು ಮುಟ್ಟಿದ್ರೆ ಬಳ್ಳಿ ಬಾಡಲ್ಲಂತೆ. ಗುತ್ಯಮ್ಮ ಕಣ್ಣಾರೆ ನೋಡ್ಯಾಳೆ.”

“ಹೌದೌದು. ನಿಂದು ಕಾಯಂ ಆತಲ್ಲ, ಈಗ ಬಾಡಲ್ಲ.” ಪವಿತ್ರ ಬೂದಿಯ ಕೈಯನ್ನು ಝಾಡಿಸಿದಳು. “ನಿನ್ನ ಜಾಗ ನಾ ಕಿತ್ಕಂತೀನಿ ಅಂತ ಹೊಟ್ಟೆಕಿಚ್ಚು ನಿಂಗೆ. ಹೊಟ್ಟ್ಯಾಗೆ ಇನ್ನೇನೂ ಉಳಿದಿಲ್ಲಲ್ಲ, ಅದೊಂದೇ ಉಳಿದೈತಿ.”

ಮರುದಿನ ಬೆಳಿಗ್ಗೆ ದಿಮ್ಮಿಯ ಈಚೆ ಸಾಲು ನಿಂತಿತ್ತು. ದ್ಯಾಮಮ್ಮನೂ ಹೊಟ್ಟೆಗೆ ಕೈಯೊತ್ತಿಕೊಂಡು ಬಂದು ಸಾಲಿನಲ್ಲಿ ನಿಂತಿದ್ದಳು. ಮುಟ್ಟಾಗಿ ಎರಡನೆಯ ದಿನವಾದ್ದರಿಂದ ಪವಿತ್ರ ಸಾಲಿಗೆ ಬರದೆ, ದೂರದಲ್ಲಿ ಚಪ್ಪಲಿಗಳ ಬಳಿ ನಿಂತಿದ್ದಳು. ಸೋಮವಾರದ ಮಾತನ್ನು ಗಟ್ಟಿಮಾಡಿಕೊಂಡು ಹೋಗಲು ಬಂದಿದ್ದಳು.

“ಇವಳ್ದು ಎಳೇ ಮೈ, ಬ್ಯಾಗ ಮಾಯ್ತೈತಿ,” ಎಂದ ಗೌಡ, ಮಾರಲು ತಂದ ಕುರಿಯನ್ನು ನೋಡುವಂತೆ ಅವಳನ್ನು ನೋಡಿ. “ಹದಿನೈದು ದಿನಕ್ಕೇ ಹೊರೆ ಹೊರ್ತಾಳೆ. ಲೋಕಪ್ಪ, ದ್ಯಾಮಮ್ಮಂಗೆ ದಾರಿ ಬಿಡೋ.”

ಲೋಕಪ್ಪ ಅವಳನ್ನು ಏನೂ ಕೇಳದೆ ದಿಮ್ಮಿಯನ್ನೆತ್ತಿದ. ಎರಡು ವರ್ಷ ಅವಳು ಕನಸಿನಲ್ಲಿ ಕಂಡದ್ದು ಇದನ್ನೇ. ಆಚೆ ಬಳ್ಳಿಗಳ ಹಸುರು ನೆರಳು, ನೆರಳಿನಲ್ಲಿ ಗುತ್ಯಮ್ಮ. ದ್ಯಾಮಮ್ಮ ಹೆಜ್ಜೆಯೆತ್ತಲಿಲ್ಲ. ಹಿಂತಿರುಗಿ ಪವಿತ್ರಳನ್ನು ನೋಡಿದಳು. ಕಿಬ್ಬೊಟ್ಟೆಯ ನೋವಿಗೆ ಒಂದು ಕೈ ಒತ್ತಿಹಿಡಿದು, ತುಟಿ ಕಚ್ಚಿ, ಆ ಹುಡುಗಿ ತಿಂಗಳು ತಿಂಗಳೂ ಎಲ್ಲ ಹೆಂಗಸರೂ ನಿಲ್ಲುವ ಹಾಗೆ ನಿಂತಿದ್ದಳು. ಆ ನೋವನ್ನು ಕಂಡು ದ್ಯಾಮಮ್ಮನಿಗೆ ಹೊಟ್ಟೆಕಿಚ್ಚಾಯಿತು. ಗುತ್ಯಮ್ಮನ ರವಿಕೆಗೆ, ಮೊಟ್ಟೆಗೆ, ಬೆನ್ನಿಗೆ ಎಂದೂ ಆಗದಷ್ಟು ಆಯಿತು.

ಅವಳು ಬದುವಿಳಿದು ಹೋಗಿ ಪವಿತ್ರಳ ಮಣಿಕಟ್ಟು ಹಿಡಿದಳು.

“ಬಾ.”

“ಬಿಡಕ್ಕ! ಮುಟ್ಟಾಗೀನಿ!”

“ಗೊತ್ತೈತಿ. ಅದಕ್ಕೇ ಬಾ.”

ಲೋಕಪ್ಪ ದಿಮ್ಮಿಯನ್ನು ಧೊಪ್ಪನೆ ಕೆಳಗೆ ಹಾಕಿ ಅಡ್ಡ ನಿಂತ. ದ್ಯಾಮಮ್ಮ ಪವಿತ್ರಳ ಮಣಿಕಟ್ಟು ಬಿಟ್ಟು, ಬಗ್ಗಿ ಅದರ ಒಂದು ತುದಿಗೆ ಎರಡೂ ಕೈ ಕೊಟ್ಟಳು.

“ಎತ್ತಬ್ಯಾಡ್ವೇ ದ್ಯಾಮಿ! ನಲವತ್ತು ದಿನ ಆಗಿಲ್ಲ!” ಎಂದು ಒಳಗಿನಿಂದ ಗುತ್ಯಮ್ಮ ಕಿರುಚಿದಳು. ಕಿರುಚುತ್ತಲೇ ಓಡಿಬಂದು, ಬಗ್ಗದ ಬೆನ್ನನ್ನು ಬಗ್ಗಿಸಿ, ಇನ್ನೊಂದು ತುದಿಯನ್ನು ಹಿಡಿದಳು. ಗರ್ಭವಿಲ್ಲದ ಇಬ್ಬರು ಹೆಂಗಸರ ನಡುವೆ ಮತ್ತಿಮರದ ದಿಮ್ಮಿ ಮೇಲೆದ್ದಿತು. ದ್ಯಾಮಮ್ಮನ ಹೊಟ್ಟೆಯಲ್ಲೇನೋ ಹರಿದಂತಾಯಿತು. ದಿಮ್ಮಿಯನ್ನು ಲೋಕಪ್ಪನ ಕಾಲಿನ ಕಡೆ ತಳ್ಳಿ, ಅವನು ನೆಗೆದು ಸರಿಯುತ್ತಲೇ ಬೆಪ್ಪಾಗಿ ನಿಂತಿದ್ದ ಪವಿತ್ರಳನ್ನು ಒಳಗೆಳೆದುಕೊಂಡಳು. ಮೊದಲ ಸಾಲಿನ ಮೊದಲ ಬಳ್ಳಿಯ ಮೇಲೆ ಆ ಹುಡುಗಿಯ ಎರಡೂ ಅಂಗೈಗಳನ್ನು ಒತ್ತಿ ಹಿಡಿದಳು.

“ತ್ವಾಟ ಕೆಡುಸಿದ್ರಲ್ಲೋ ರಂಡೇರು!” ಗೌಡ ಕಲ್ಲಿನಿಂದೆದ್ದ. ಆದರೆ ಹೊಡೆಯಲು ಬರಲಿಲ್ಲ. ಅವನ ಕಣ್ಣು ಬಳ್ಳಿಯ ಮೇಲಿತ್ತು. ಎಲ್ಲರ ಕಣ್ಣೂ ಬಳ್ಳಿಯ ಮೇಲಿತ್ತು. ಪವಿತ್ರ ಕಣ್ಣು ಮುಚ್ಚಿಕೊಂಡು ನಡುಗುತ್ತಿದ್ದಳು. ಅವಳ ನಡುಕಕ್ಕೆ ಎಲೆಗಳೂ ನಡುಗಿದವು.

“ನೋಡ್ರಿ ಗೌಡ್ರೆ,” ಎಂದಳು ಗುತ್ಯಮ್ಮ ಏದುತ್ತ. “ಎಂಟು ದಿನ ಇಲ್ಲೇ ಕುಂತು ನೋಡ್ರಿ. ನಾನೂ ಹಂಗೇ ಕುಂತಿದ್ದೆ.”

“ಗೌಡ್ರೆ, ಅಲ್ಲಿ...” ಲೋಕಪ್ಪ ಬೆರಳು ಮಾಡಿದ. “ದ್ಯಾಮಿ ಸೀರೆ ನೋಡ್ರಿ. ಇವಳಿಗೂ ಆಗೈತಿ!”

ದ್ಯಾಮಮ್ಮ ತಗ್ಗಿ ನೋಡಿಕೊಂಡಳು. ನೆರಿಗೆಯ ಮೇಲ್ಭಾಗದಲ್ಲಿ, ಹೊಲಿಗೆಯ ನೇರಕ್ಕೆ, ಕೆಂಪು ಹರಡುತ್ತಿತ್ತು. ಅಂಗೈಯನ್ನು ಅದರ ಮೇಲಿಟ್ಟು ತೆಗೆದಳು. ಗುತ್ಯಮ್ಮ ಹಿಡಿಯಲು ಬಂದರೆ ತೋಳು ಬಿಡಿಸಿಕೊಂಡು, ಒಂದೊಂದೇ ಹೆಜ್ಜೆಯಿಡುತ್ತ ಅಗಸೆಮರದ ಬಳಿಗೆ ನಡೆದಳು. ಕ್ಯಾಲೆಂಡರಿನಲ್ಲಿ ತನ್ನ ಅಕ್ಷರವಿದ್ದ ಚೌಕವನ್ನು ಹುಡುಕಿದಳು. ಓದು ಬಾರದಿದ್ದರೂ, ರಬ್ಬರಿನಿಂದ ಉಜ್ಜಿ ಕಾಗದ ಸವೆದಿದ್ದ ಚೌಕಗಳಲ್ಲಿ ತನ್ನದು ಯಾವುದೆಂದು ಬಲ್ಲಳು. ಅದರ ಮೇಲೆ ರಕ್ತವಾದ ಹೆಬ್ಬೆರಳನ್ನು ಒತ್ತಿದಳು, ಕಾಗದ ಹರಿಯುವಷ್ಟು.

“ಬರ್ಕಳೋ ಲೋಕಪ್ಪ. ನನ್ ಹೆಸ್ರು.”

ಕಲ್ಲುಕಂಬದ ಹೊರಗೆ ಉಳಿದಿದ್ದ ಹೆಂಗಸರಲ್ಲಿ ಈ ಸಲ ಯಾರೂ ನಗಲಿಲ್ಲ.