ಕೂತ ಹೆಣ

ರಾಜೇಶ್ವರಿ ಹೆಣವನ್ನು ಬಿಗಿದಿದ್ದ ಎರಡನೆಯ ಬೆಲ್ಟನ್ನೂ ಬಿಚ್ಚಿದಳು. ಹಲಗೆಯ ಮೇಲೆ ಅಂಗಾತ ಮಲಗಿಸಿದ್ದ ಗಂಡನ ಬೆನ್ನಡಿಗೆ ಕೈ ತೂರಿಸಿ ಎತ್ತಲು ನೋಡಿದಳು. ಆಗಲಿಲ್ಲ.

"ಏನ್ ಮಾಡ್ತಿದೀರಾ ರಾಜೇಶ್ವರಿಯವ್ರೇ?" ಕನ್ನಡ ಸಂಘದ ಕಾರ್ಯದರ್ಶಿ ಚಂದ್ರಶೇಖರ್ ಓಡಿ ಬಂದರು.

"ಕೂಡಸಾಕತ್ತೀನ್ರಿ. ನಮ್ಮಾಗ ಕುಣಿಯೊಳಗ ಮಲಗಸಂಗಿಲ್ಲ."

"ಗೊತ್ತಮ್ಮಾ, ಲಿಂಗಾಯತರು ಕೂರಿಸ್ತೀರಿ. ಆದ್ರೆ ಇದು ಅಮೆರಿಕ. ಅದಕ್ಕೇ ಕ್ರಿಮೇಷನ್ ಮಾಡ್ಸಿ ಅಂದೆ. ನಮ್ ತಂದೆಗೂ ಅದನ್ನೇ ಮಾಡಿದ್ದು."

"ನಿಮ್ಮ ತಂದೀನ್ನ ನೀವು ಸುಟ್ರಿ. ನಾ ಬ್ಯಾಡ ಅಂದ್ನೇನು?"

ಡುವಾಲ್ ಊರಾಚೆಯ ಹುಲ್ಲುಗಾವಲಲ್ಲಿ, ಪೆಟ್ಟಿಗೆಯಿಲ್ಲದೆ ಬಟ್ಟೆಯಲ್ಲೇ ಹೂಳಲು ಬಿಡುವ ಈ ಸ್ಮಶಾನವನ್ನು ಹುಡುಕಿದವಳು ಅವಳೇ. ಹನ್ನೆರಡು ಜನ ಬಂದಿದ್ದರು. ಮಗಳು ಶಾಲಿನಿ ತಾಯಿಯ ತೋಳು ಹಿಡಿದಳು.

"ಮಾಮ್, ಪ್ಲೀಸ್. ಎವ್ರಿವನ್ ಈಸ್ ವಾಚಿಂಗ್."

"ನೋಡ್ಲಿ."

ಸ್ಟೊಯನ್ ಒಬ್ಬನೇ ನಗುತ್ತಿದ್ದ. ಬಲ್ಗೇರಿಯದವನು, ಕ್ಯಾನ್ಯನ್ ಪಾರ್ಕಿನ ವರ್ಕ್‌ಶಾಪಿನಲ್ಲಿ ರಾಜೇಶ್ವರಿಯ ಗಂಡ ಗುರುಪಾದಪ್ಪನ ಪಕ್ಕದ ಲೇತಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು.

"ಅಕ್ಕಾ ಹೇಳುವುದು ಸರಿ," ಅಂದ ಇಂಗ್ಲಿಷಿನಲ್ಲಿ. ಅಕ್ಕಾ ಮಾತ್ರ ಕನ್ನಡ. "ಇವನು ಸತ್ತರೆ ಮಲಗುವವನಲ್ಲ. ನನಗೆ ಗೊತ್ತು. ಇವನನ್ನು ಒಮ್ಮೆ ಕೊಂದವನು ನಾನೇ."



*

ಮೂವತ್ತನಾಲ್ಕು ವರ್ಷದ ಹಿಂದೆ ಗುರುಪಾದಪ್ಪ ಸ್ಕಾಲರ್‌ಶಿಪ್ ಹಿಡಿದು, ಟ್ರ್ಯಾಕ್ಟರ್ ಎಂಜಿನ್ ಕಲಿಯಲು ಇಳಕಲ್ಲಿನಿಂದ ಬಲ್ಗೇರಿಯಕ್ಕೆ ಹೋಗಿದ್ದ. ಅಲ್ಲಿನ ಸರಕಾರ ಆಗ ತನ್ನ ದೇಶದ ಹುಟ್ಟಿನ ಕತೆಯನ್ನು ಸಿನಿಮಾ ಮಾಡಿಸುತ್ತಿತ್ತು. ಏಳನೆಯ ಶತಮಾನ. ಹುಲ್ಲುಗಾಡಿನಿಂದ ಕುದುರೆ ಏರಿ ಬಂದ ಬಲ್ಗರರು, ಅವರ ದೊರೆ ಖಾನ, ಡ್ಯಾನ್ಯೂಬ್ ನದಿಯ ಜೌಗಿನಲ್ಲಿ ಅವರ ಕೈಯಲ್ಲಿ ಸೋತ ಬೈಜಾಂಟಿಯಮ್ಮಿನ ಚಕ್ರವರ್ತಿಯ ದಂಡು. ದಂಡಿಗೆ ಜನ ಸಾಲದೆ ಹಾಸ್ಟೆಲಿನ ಹುಡುಗರನ್ನೂ ಲಾರಿಗೆ ತುಂಬಿದರು. ಬೆಳಿಗ್ಗೆ ಬಲ್ಗರನಾಗಿ ಗೆದ್ದವನೇ ಮಧ್ಯಾಹ್ನ ಶಿರಸ್ತ್ರಾಣ ಬದಲಿಸಿ ಶತ್ರುವಾಗಿ ಸಾಯಬೇಕು. ಗುರುಪಾದಪ್ಪನಿಗೆ ಗೆಲ್ಲುವ ಸರದಿ ಬರಲೇ ಇಲ್ಲ. ಮೈಬಣ್ಣ ನೋಡಿ ಅವನನ್ನು ಸಾಯುವವರ ಕಡೆಗೇ ನಿಲ್ಲಿಸಿದರು.

ಕಡ್ಡಾಯ ಸೈನಿಕ ಸೇವೆಯಲ್ಲಿದ್ದ ಸ್ಟೊಯನ್ ರಬ್ಬರಿನ ಈಟಿಯಿಂದ ತಿವಿದ. ಸಾವಿರ ಜನ ಕೆಸರಿಗೆ ಬಿದ್ದರು. ಗುರುಪಾದಪ್ಪ ಕೂತ.

"ಮಲಗೋ ಅಲ್ಲಿ!" ಸಹಾಯಕ ನಿರ್ದೇಶಕ ಮೈಕಿನಲ್ಲಿ ಕಿರುಚಿದ.

"ನಮ್ಮ ಕಡೆ ಹೆಣ ಮಲಗೋದಿಲ್ಲ," ಅಂದ ಗುರುಪಾದಪ್ಪ, ಹರುಕುಮುರುಕು ಬಲ್ಗೇರಿಯನ್ನಿನಲ್ಲಿ.

ಊಟ ಇಲ್ಲ ಅಂದರು. ಹಾಸ್ಟೆಲಿನಿಂದ ಹೊರಗೆ ಹಾಕಿಸುತ್ತೇವೆ ಅಂದರು. ಅವನು ಏಳಲಿಲ್ಲ, ಮಲಗಲೂ ಇಲ್ಲ. ಬೆಳಕು ಹೋಗುತ್ತಿತ್ತು, ಹಾಗೇ ತೆಗೆದರು.

ಸಿನಿಮಾದಲ್ಲಿ ಅದು ನಾಲ್ಕು ಸೆಕೆಂಡು. ಉದ್ದಕ್ಕೂ ಬಿದ್ದ ಹೆಣಗಳ ನಡುವೆ ಗುರಾಣಿಗೆ ಒರಗಿ ಕೂತ ಒಂದು ಕರೀ ಹೆಣ. ಗುರುಪಾದಪ್ಪ, ಸ್ಟೊಯನ್ ಇಬ್ಬರೂ ಅಮೆರಿಕ ಸೇರಿದ ಮೇಲೆ, ಪ್ರತಿ ಮಾರ್ಚಿಗೆ ತಮ್ಮ ನಾಡಹಬ್ಬದ ದಿನ ಶೋರ್‌ಲೈನ್ ಊರಿನ ಬಾಡಿಗೆ ಹಾಲಿನಲ್ಲಿ ಬಲ್ಗೇರಿಯದವರು ಆ ಸಿನಿಮಾ ಹಾಕುತ್ತಿದ್ದರು. ಖಾನನಿಗಿಂತ ಹೆಚ್ಚು ಸಿಳ್ಳೆ ಬೀಳುತ್ತಿದ್ದುದು ಆ ಹೆಣಕ್ಕೆ. ರಾಜೇಶ್ವರಿ ನಾಚಿ ತಲೆ ತಗ್ಗಿಸುತ್ತಿದ್ದಳು. "ಹೆಣದ ಪಾರ್ಟ್ ಮಾಡೀರಿ. ಅದರಾಗೇನು ದೊಡ್ಡಸ್ತಿಕಿ?" ಅನ್ನುತ್ತಿದ್ದಳು. ಗುರುಪಾದಪ್ಪ ಹಲ್ಲು ಕಿರಿಯುತ್ತಿದ್ದ.

ಉಳಿದಂತೆ ಅವನು ಎಲ್ಲದಕ್ಕೂ ಹೂಂ ಅಂದವನು. ರಜೆ ಕೊಡದ ಬಾಸಿಗೆ ಹೂಂ, ಮತ್ತೆ ಬಾ ಅನ್ನುವ ವೀಸಾ ಕಚೇರಿಗೆ ಹೂಂ, ಪ್ರತಿ ಯುಗಾದಿಗೂ ಕುರ್ಚಿ ಮಡಚಲು ಕರೆಯುವ ಕನ್ನಡ ಸಂಘಕ್ಕೆ ಹೂಂ. ಐವತ್ತಾರು ವರ್ಷದಲ್ಲಿ ಇಲ್ಲ ಅಂದದ್ದು ಒಂದೇ ಸಲ, ಅದೂ ಹೆಣವಾಗಿದ್ದಾಗ.

*

ಸ್ಮಶಾನದ ಮೇಲ್ವಿಚಾರಕಿ ಕಾಗದದ ಕಟ್ಟು ಹಿಡಿದು ಬಂದಳು.

"ಕೂರಿಸಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ," ರಾಜೇಶ್ವರಿ ಇಂಗ್ಲಿಷಿನಲ್ಲೇ ಕೇಳಿದಳು.

ಮೇಲ್ವಿಚಾರಕಿ ಹಾಳೆ ತಿರುವಿದಳು. ಮತ್ತೊಮ್ಮೆ ತಿರುವಿದಳು. "ಬರೆದಿಲ್ಲ. ಈವರೆಗೆ ಯಾರೂ ಕೇಳಿಲ್ಲ. ಆದರೆ ತಲೆಯ ಮೇಲೆ ಮೂರಡಿ ಮಣ್ಣು ಬರಬೇಕು. ಈ ಗುಂಡಿ ಇರೋದೇ ನಾಲ್ಕಡಿ."

ಸ್ಟೊಯನ್ ಆಗಲೇ ಕೋಟು ಬಿಚ್ಚಿ ಗುಂಡಿಗೆ ಇಳಿದಿದ್ದ.

"ಬಾಡಿ ಮೂರ್ ದಿನ ಫ್ರೀಜರ್‌ನಲ್ಲಿತ್ತು," ಚಂದ್ರಶೇಖರ್ ಪಿಸುಗುಟ್ಟಿದರು. "ಸ್ಟಿಫ್ ಆಗಿರುತ್ತೆ."

"ಫ್ರೀಜರ್ ಅಲ್ಲ, ಬರೇ ತಂಪು ಕೋಣಿ. ಮೂರು ದಿನಕ್ಕ ಬಿಗಿ ಬಿಟ್ಟಿರ್ತದ. ಕೇಳ್ಕೊಂಡು ಬಂದೀನಿ. ನೀವು ಸನಿಕಿ ಹಿಡೀರಿ."

ಹಿಡಿದರು. ಎರಡು ತಾಸು ತೋಡಿದರು. ಮೊಣಕಾಲು ಮಡಚುವಾಗ ಎಲ್ಲರೂ ಬೆಟ್ಟದ ಕಡೆ ಮುಖ ಮಾಡಿದರು, ಮಡಚಿದವಳು ರಾಜೇಶ್ವರಿ. ನಾಲ್ವರು ಬಟ್ಟೆಯ ತುದಿ ಹಿಡಿದು ಇಳಿಸಿದರು. ಒಳಗೆ ನಿಂತಿದ್ದ ಸ್ಟೊಯನ್ ಗುಂಡಿಯ ಗೋಡೆಗೆ ಒರಗಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮೇಲೆ ಬಂದ. ಅವನು ಮೇಲೆ ಕಾಲಿಟ್ಟದ್ದೇ ತಡ ಹೆಣ ಎಡಕ್ಕೆ ವಾಲಿತು.

"ನೋಡಿ, ನಿಲ್ಲಲ್ಲ ಅದು! ಮಲಗಿಸಿಬಿಡೋಣ ಅಮ್ಮಾ!" ಚಂದ್ರಶೇಖರ್ ಅಂದರು.

ರಾಜೇಶ್ವರಿ ಅಂಚಿನಲ್ಲಿ ಕೂತು ಜಾರಿಕೊಂಡು ಒಳಗಿಳಿದಳು. ಗಂಡನನ್ನು ನೆಟ್ಟಗೆ ಮಾಡಿ, ಎರಡೂ ಹೆಗಲು ಒತ್ತಿ ಹಿಡಿದಳು.

"ಹಾಕ್ರಿ ಮಣ್ಣು."

"ಮೊದ್ಲು ನೀವು ಮೇಲೆ ಬನ್ನಿ!"

"ಮಣ್ಣು ಇವರನ್ನ ಹಿಡಿಯೂತನಕ ನಾ ಬರಂಗಿಲ್ಲ."

ಯಾರೂ ಅಲುಗಲಿಲ್ಲ. ಮೊದಲ ಸನಿಕೆ ಹಾಕಿದವಳು ಶಾಲಿನಿ. ಆಮೇಲೆ ಸ್ಟೊಯನ್. ಆಮೇಲೆ ಉಳಿದವರು. ಮಣ್ಣು ರಾಜೇಶ್ವರಿಯ ಪಾದ ಮುಚ್ಚಿತು, ಮೊಣಕಾಲು ದಾಟಿತು, ಸೀರೆಯ ನೆರಿಗೆಗಳನ್ನು ಹೂತಿತು. ಗಂಡನ ಹೆಗಲಿಗೆ ಬಂದಾಗ ಒಂದು ಕೈ ಬಿಟ್ಟು ನೋಡಿದಳು. ವಾಲಲಿಲ್ಲ. ಇನ್ನೊಂದು ಕೈಯಿಂದ ಅವನ ಗದ್ದ ಎತ್ತಿ ಹಿಡಿದು, ಮೇಲೆ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಯಾಕ ನಿಂತ್ರಿ? ಹಾಕ್ರಿ ಇನ್ನಷ್ಟು."