ಬಾರದ ಕೂಗು

ಕೂಗು ಯಾಕೆ ಬರಲಿಲ್ಲ? ಪ್ಯಾಕೇಜಿನ ಹೆಸರು ಬದಲಿಸುವಾಗ ತಾನೇ ಎಡವಿದ್ದನೆ? ಇಲ್ಲ, ಅದನ್ನೂ ಮತ್ತೆ ನೋಡಿಯಾಗಿತ್ತು. ಹಾಗಾದರೆ ಭಾವ ಅದನ್ನು ತೆರೆದೇ ಇಲ್ಲವೆ? ಗಾಜಿನ ಗೋಡೆಯಾಚೆ ಅವರ ತಲೆ ಕಾಣುತ್ತಿತ್ತು. ಸೋಮವಾರದಿಂದ ದಿನವೂ ಕಂಡಿತ್ತು, ಪರದೆಯತ್ತ ಬಾಗಿ.

ಸೇತುವೆಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಎಲ್ಲರ ಕಂಪ್ಯೂಟರುಗಳೂ ಒಂದೇ ಸರ್ವರಿನ ಡಿಸ್ಕಿನಿಂದ ಪ್ರೋಗ್ರಾಮುಗಳನ್ನು ಎಳೆದುಕೊಳ್ಳುತ್ತಿದ್ದವು. ಆ ಡಿಸ್ಕಿನ ಉಸ್ತುವಾರಿ ಅವನದು. ಪ್ರತಿ ಹೊಸ ಆವೃತ್ತಿಯೂ ಹಿಂದಿನದಕ್ಕಿಂತ ದಪ್ಪ. ಹಳೆಯದನ್ನು ಬಿಡಲೊಲ್ಲದವರು ಇದ್ದೇ ಇರುತ್ತಾರೆ. ಯಾವುದನ್ನು ಅಳಿಸಲಿ ಎಂದು ಕೇಳಿದರೆ ಎಲ್ಲರಿಗೂ ಎಲ್ಲವೂ ಬೇಕು. ಅದಕ್ಕೇ ಅವನು ಕೇಳುವುದನ್ನೇ ಬಿಟ್ಟಿದ್ದ. ಹಳೆಯ ಪ್ರೋಗ್ರಾಮಿನ ಪ್ಯಾಕೇಜಿನ ಹೆಸರನ್ನು ಸದ್ದಿಲ್ಲದೆ ಬದಲಿಸುವುದು, ತೆರೆಯಲು ಹೋದವರು ಸಿಗದೆ ಕೂಗುವವರೆಗೆ ಕಾಯುವುದು. ಕೂಗಿದರೆ ಹಳೇ ಹೆಸರು ವಾಪಸು. ವಾರವಿಡೀ ಯಾರೂ ಕೂಗದಿದ್ದರೆ ಅಳಿಸಿಬಿಡುವುದು.

ನಕ್ಷೆ ಬರೆಯುವ ಹಳೆಯ ಪ್ಯಾಕೇಜನ್ನು ಹಿಡಿದುಕೊಂಡು ಉಳಿದಿದ್ದವರು ಅವನ ಅಕ್ಕನ ಗಂಡನೊಬ್ಬರೇ.

"ಅವರೂ ಅದನ್ನ ಮುಟ್ತಿಲ್ಲ ಅಂದ್ರೆ ಹೇಳಿ," ಎಂದಿದ್ದರು ಮ್ಯಾನೇಜರ್ ಮೇಡಂ. "ಎರಡೂ ಜಾಗ ಖಾಲಿ ಮಾಡ್ಸೋಣ."

"ಎರಡೂ ಅಂದ್ರೆ?"

"ಡಿಸ್ಕಲ್ಲಿರೋದು, ಕುರ್ಚಿಯಲ್ಲಿರೋದು."

ಮೇಡಂ ನಕ್ಕಿದ್ದರು. ಮೊದಲ ದಿನವೇ ಭಾವ ಚಾವಣಿ ಹಾರಿಹೋಗುವಂತೆ ಅರಚುತ್ತಾರೆ, ಅದನ್ನು ಮೇಡಂ ಕಿವಿಯಾರೆ ಕೇಳಲಿ ಎಂದೇ ಅವನು ಸೋಮವಾರ ಹೆಸರು ಬದಲಿಸಿದ್ದ.

ಶುಕ್ರವಾರ ಚಹಾ ಯಂತ್ರದ ಬಳಿ ಭಾವ ಸಿಕ್ಕರು.

"ಏನಪ್ಪಾ ಭಾಮೈದ, ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

"ಏನಿಲ್ಲ ಭಾವ. ಕೆಲಸ ಹೇಗೆ ನಡೀತಿದೆ?"

"ನಂದೇನು, ಆನೆ ನಡೆದದ್ದೇ ದಾರಿ. ಆ ಹುಡುಗ್ರು ಹೊಸದ್ರಲ್ಲಿ ಒಂದು ಗೆರೆ ಎಳೆಯೋಕೆ ಒದ್ದಾಡ್ತಾರೆ. ನಾನು ನಮ್ಮ ಹಳೇದ್ರಲ್ಲಿ ಬೆಳಗ್ಗೆಯಿಂದ ಕೂತು ಎರಡು ಕಂಬ ಮುಗಿಸ್ದೆ ನೋಡು."

"ಇವತ್ತಾ?"

"ಇವತ್ತೇ. ಯಾಕೆ?"

"ಸುಮ್ನೆ ಕೇಳ್ದೆ."

ಭಾವ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೇ ಚಹಾ ಕುಡಿಯುತ್ತಿದ್ದರು. ಆದರೂ ಲೋಟ ತುಳುಕಿ ಅಂಗಿಯ ತೋಳು ಒದ್ದೆಯಾಗಿತ್ತು. ಈ ಕೈಯಲ್ಲಿ ಗೆರೆ ಎಳೆಯುವುದಾದರೂ ಹೇಗೆ? ಅಕ್ಕ ಈ ಬಗ್ಗೆ ಏನೂ ಹೇಳಿರಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಅವನು ತನ್ನ ಜಾಗಕ್ಕೆ ಹೋಗಿ ಹಳೆಯ ಹೆಸರನ್ನು ಮತ್ತೆ ಇಟ್ಟ. ಆಮೇಲೆ ಮೇಡಂ ಬಾಗಿಲಲ್ಲಿ ನಿಂತು, "ಅವರಿಗೆ ಅದು ಬೇಕೇ ಬೇಕು ಮೇಡಂ. ದಿನಾ ಬಳಸ್ತಾರೆ," ಎಂದ.

ಹಳೆಯದನ್ನು ಅಳಿಸದೆ ಹೊಸ ಆವೃತ್ತಿಯನ್ನು ಉಳಿದ ಜಾಗದಲ್ಲೇ ತುರುಕಬೇಕಾಯಿತು. ಮರುವಾರ ಡಿಸ್ಕು ತುಂಬಿ ಎಲ್ಲ ಕಂಪ್ಯೂಟರುಗಳೂ ನಿಂತವು. ಬರೆದ ನಕ್ಷೆಗಳು ಉಳಿಯಲಿಲ್ಲ. ಎಲ್ಲರೂ ಅವನ ಮೇಜನ್ನು ಮುತ್ತಿಕೊಂಡರು. ಭಾವನ ದನಿಯೇ ಮೇಲಿತ್ತು.

"ಒಂದು ಡಿಸ್ಕು ನೋಡ್ಕೊಳ್ಳೋಕಾಗಲ್ವೇನಯ್ಯಾ? ನಮ್ಮ ಕೆಲಸ ಎಲ್ಲ ಹೋಯ್ತಲ್ಲ!"

"ತಪ್ಪಾಯ್ತು ಭಾವ," ಎಂದ ಅವನು.

ಹಿಂದಿನ ಇಡೀ ವಾರ ಆ ಹಳೆಯ ಪ್ಯಾಕೇಜನ್ನು ಯಾರೂ ತೆರೆಯುವಂತಿರಲಿಲ್ಲ ಎಂಬುದನ್ನು ಅವನು ಭಾವನಿಗೆ ಎಂದೂ ಹೇಳಲಿಲ್ಲ.