ಮೆತ್ತಣ್ಣನ ಚಂದ್ರ

“ಮೂವತ್ತೊಂದು ವರ್ಷದಿಂದ ಕಾರು ಉಜ್ತಾ ಇದೀನಿ ಸ್ವಾಮೀ, ಇವತ್ತಿನವರೆಗೂ ಒಂದೇ ಒಂದು ಗಾಡಿಯ ಬಣ್ಣ ಸುಟ್ಟಿಲ್ಲ” ಎಂದು ನನ್ನ ಷಡ್ಡಕ ತನ್ನ ಅಂಗಡಿಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಾನೆ. ಹೇಳುವಾಗ ಅವನ ಎಡಗೆನ್ನೆಗೆ ಅಂಗೈಯಗಲದ ಒಂದು ಫೋಮ್ ಪ್ಯಾಡು ಒತ್ತಿಕೊಂಡಿರುತ್ತದೆ, ಹಲ್ಲುನೋವಿನವನು ಬಿಸಿಬಟ್ಟೆ ಒತ್ತಿಕೊಂಡ ಹಾಗೆ. ಹೆಂಡತಿ ಅಂಗಡಿಯಲ್ಲಿದ್ದ ದಿನ ಮಾತ್ರ ಆ ವಾಕ್ಯ ಗಂಟಲಲ್ಲೇ ಉಳಿದುಬಿಡುತ್ತದೆ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ, ಮೊದಲು ಕೆನ್ನೆಯ ವಿಚಾರ.

ಕಾರಿನ ಮೈಗೆ ಹೊಳಪು ಕೊಡುವ ಈ ವೃತ್ತಿಯಲ್ಲಿ ಉಳಿದವರೆಲ್ಲ ಬಣ್ಣ ನೋಡಿ ಪ್ಯಾಡು ಆರಿಸುತ್ತಾರೆ. ಗೀರು ಕಡಿಯುವ ಗಡುಸಿನದು ಒಂದು ಬಣ್ಣ, ನುಣುಪು ತರುವ ನಡುವಿನದು ಇನ್ನೊಂದು, ಕೊನೆಯ ಹೊಳಪಿನ ಮೆತ್ತನೆಯದು ಮತ್ತೊಂದು. ನನ್ನ ಷಡ್ಡಕನಿಗೆ ಈ ವರ್ಣಾಶ್ರಮದಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. “ಒಂದು ಕಂಪನಿಯ ಕಿತ್ತಳೆ ಇನ್ನೊಂದು ಕಂಪನಿಗೆ ಕಿತ್ತಳೆಯಲ್ಲ ಅಣ್ಣ. ಕಣ್ಣು ಮೋಸ ಹೋಗುತ್ತೆ. ಬೆರಳು ದುಡಿದೂ ದುಡಿದೂ ಮೊಂಡಾಗಿರುತ್ತೆ. ಕೆನ್ನೆ ಮಾತ್ರ ಸುಳ್ಳು ಹೇಳಲ್ಲ” ಎನ್ನುತ್ತಾನೆ. ಆ ಕೆನ್ನೆ ಸತ್ಯಸಂಧವಾಗಿ ಉಳಿಯಲೆಂದು ದಿನಕ್ಕೆರಡು ಸಲ ಕ್ಷೌರ ಮಾಡಿಕೊಳ್ಳುತ್ತಾನೆ. ಗಡ್ಡ ಒಂದು ಗಂಟೆಯಷ್ಟು ಬೆಳೆದರೂ ಮೆತ್ತನೆಯ ಪ್ಯಾಡು ಗಡುಸೆಂದು ತೋರಿಬಿಡುತ್ತದಂತೆ. ಕಣ್ಣಿಗೆ ಬಟ್ಟೆ ಕಟ್ಟಿ, ಒಂದೇ ಬಣ್ಣದ ನಲವತ್ತು ಪ್ಯಾಡುಗಳನ್ನು ಒಂದೊಂದಾಗಿ ಅವನ ಕೆನ್ನೆಗೆ ಮುಟ್ಟಿಸಿದರೆ, ಯಾವುದು ಹೊಸದು, ಯಾವುದು ನಾಲ್ಕು ಕಾರು ತಿಂದು ಸುಸ್ತಾಗಿದೆ, ಯಾವುದರ ಹೊಟ್ಟೆಯಲ್ಲಿ ಹಳೆಯ ಪಾಲಿಶ್ ಒಣಗಿ ಗಂಟುಕಟ್ಟಿದೆ ಎಂದು ಹೇಳಬಲ್ಲ. ನಲವತ್ತೊಂದನೆಯದಾಗಿ ನಾನು ನನ್ನ ಅಂಗೈ ಇಟ್ಟಾಗ “ಇದು ಸರ್ಕಾರಿ ನೌಕರಿ ಮಾಡಿದ್ದು” ಎಂದಿದ್ದ.

ಅವನ ನಡಿಗೆ ಅಡ್ಡನಡಿಗೆ. ಜಗತ್ತೆಲ್ಲ ಒತ್ತೊತ್ತಾಗಿ ನಿಲ್ಲಿಸಿದ ಕಾರುಗಳಿಂದಲೇ ತುಂಬಿದೆಯೆಂಬ ಭಾವದಲ್ಲಿ, ಬಟಾಬಯಲಿನಲ್ಲಿಯೂ ತೋಳುಗಳನ್ನು ಎದೆಗೆ ಮಡಚಿ, ಹೊಟ್ಟೆಯನ್ನು ಒಳಗೆಳೆದು, ಭುಜವನ್ನು ಮುಂದೆ ಮಾಡಿ ಸಾಗುತ್ತಾನೆ. ಉಡುಪೂ ಅದಕ್ಕೆ ತಕ್ಕದ್ದೇ: ಗುಂಡಿಯಿಲ್ಲದ, ಜಿಪ್ಪಿಲ್ಲದ, ಹಿಂದಿನಿಂದ ಲಾಡಿ ಕಟ್ಟುವ ಒಂದು ಬೂದುಬಣ್ಣದ ಕೋಟು. ಬೆಲ್ಟಿಲ್ಲ, ಗಡಿಯಾರವಿಲ್ಲ, ಮದುವೆಯ ಉಂಗುರ ಕರವಸ್ತ್ರದ ಗಂಟಿನಲ್ಲಿ. ಕಾರಿನ ಮೈಗೆ ತಾಗಿ ಗೀರಬಹುದಾದ ಯಾವ ವಸ್ತುವೂ ಅವನ ದೇಹದ ಮೇಲಿರಕೂಡದು. ಉಗುರುಗಳನ್ನಂತೂ ದೇವರು ಕೊಟ್ಟದ್ದೇ ತಪ್ಪೆಂಬಂತೆ ಬುಡಕ್ಕೆ ಕತ್ತರಿಸಿರುತ್ತಾನೆ. ನೆಲಕ್ಕೆ ಬಿದ್ದ ಪ್ಯಾಡನ್ನು ಎಷ್ಟೇ ತೊಳೆದರೂ ಮತ್ತೆ ಕಾರಿಗೆ ಮುಟ್ಟಿಸುವುದಿಲ್ಲ, ಕಣ್ಣಿಗೆ ಕಾಣದ ಒಂದು ಮರಳಕಣ ಸಾಕು ಎನ್ನುತ್ತಾನೆ. ಅವೆಲ್ಲ ಹೆಂಡತಿಯ ಅಡುಗೆಮನೆಗೆ ವರ್ಗವಾಗುತ್ತವೆ. ಆ ಮನೆಯ ಪಾತ್ರೆಗಳ ಮೇಲೆ ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾತು ಕಡಿಮೆ. ಬಾಗಿಲು ಮುಚ್ಚುವವನಿಗೆ, ಟೀ ಸುರಿಯುವವಳಿಗೆ, ಸೀನುವವನಿಗೆ, ಎಲ್ಲರಿಗೂ ಅವನದು ಒಂದೇ ಉಪದೇಶ: “ಮೆತ್ತಗೆ.” ಹೀಗಾಗಿ ಬೀದಿಯವರು ಅವನಿಗೆ ‘ಮೆತ್ತಣ್ಣ’ ಎಂದು ಹೆಸರಿಟ್ಟರು.

ಇಂಥ ಮೆತ್ತಣ್ಣನಿಗೆ ಒದಗಿದ ಮಾವ ಎಂಥವರು! ನನಗೂ ಅವರೇ ಮಾವ. ಹಿರಿಯ ಮಗಳು ನನ್ನ ಪಾಲಿಗೆ, ಕಿರಿಯಳು ಅವನ ಪಾಲಿಗೆ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಅವರು ಜೇಬಿನಲ್ಲಿ ಅರ್ಧ ಅಡಿಯ ಉಕ್ಕಿನ ಸ್ಕೇಲಿಲ್ಲದೆ ಹೊಸಿಲು ದಾಟಿದವರಲ್ಲ. ಅವರಿಗೊಂದು ಕಡುನೀಲಿ ಕಾರು. ಅದರ ಬಾನೆಟ್ಟಿನ ನಡುವೆ, ಉಬ್ಬುಗೆರೆಯ ಮೇಲೆ, ಚಿಕ್ಕ ಬಿಲ್ಲೆಯಷ್ಟು ಅಗಲದ ಒಂದು ಬಿಳಿಯ ಮಚ್ಚೆ. ಮನೆಮಂದಿಯೆಲ್ಲ ಅದನ್ನು ಕರೆಯುತ್ತಿದ್ದುದು ‘ಅಳಿಯನ ಚಂದ್ರ’ ಎಂದು.

ಈಗ ಹೇಳಿಬಿಡುತ್ತೇನೆ. ಆ ಚಂದ್ರನನ್ನು ಸೃಷ್ಟಿಸಿದವನು ನನ್ನ ಷಡ್ಡಕನೇ. ಮದುವೆಯಾದ ಹೊಸದರಲ್ಲಿ, ಅಂಗಡಿ ತೆರೆಯುವ ಮುಂಚೆ, ಕೈ ತೋರಿಸಲೆಂದು ಮಾವನ ಕಾರನ್ನು ಉಜ್ಜಲು ಹೋಗಿ, ಗಡುಸಾದ ಪ್ಯಾಡು ಹಾಕಿದ ಯಂತ್ರದಿಂದ ಬಣ್ಣ ಸುಟ್ಟು, ಕೆಳಗಿನ ಬಿಳಿ ಪ್ರೈಮರು ತೇಲಿಸಿದ. ಮೂವತ್ತೊಂದು ವರ್ಷದ ಅವನ ಲೆಕ್ಕ ಶುರುವಾಗುವುದು ಅದರ ಮರುದಿನದಿಂದ. ಮಾವ ಆ ಮಚ್ಚೆಗೆ ಬಣ್ಣ ಹೊಡೆಸಲಿಲ್ಲ. ಸಾಕ್ಷ್ಯ ತುಕ್ಕು ಹಿಡಿಯಬಾರದೆಂದು ವಾರವಾರವೂ ಅದಕ್ಕೆ ಸ್ವಹಸ್ತದಿಂದ ಮೇಣ ತಿಕ್ಕಿದರು; ನೆಂಟರು ಬಂದಾಗ ಸ್ಕೇಲು ತೆಗೆದು ಅಳೆದು, “ಈ ವರ್ಷವೂ ಅಷ್ಟೇ ಇದಾನೆ. ಬೆಳೆದಿಲ್ಲ, ಕರಗಿಲ್ಲ” ಎಂದು ಪ್ರಕಟಿಸಿದರು. ಅಷ್ಟು ವರ್ಷವೂ ಆ ಕಾರಿನ ಹತ್ತು ಅಡಿಯೊಳಗೆ ಕಿರಿಯ ಅಳಿಯನನ್ನು ಬಿಟ್ಟುಕೊಳ್ಳಲಿಲ್ಲ.

ಅಂಥವರು ಒಂದು ದಿನ ಬೆಳಿಗ್ಗೆ ತಾವಾಗಿಯೇ ಅವನನ್ನು ಕರೆಸಿದರು. ಕಣ್ಣಿನ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದಿದ್ದರು.

“ಕಾರು ನಿಮ್ಮ ಮಗಳಿಗೆ ಕೊಡ್ತೀನಿ ಅಳಿಯಂದ್ರೇ. ದನದ ಡಾಕ್ಟರು ಅವಳು, ಸೋಮವಾರದಿಂದ ಹಳ್ಳಿಹಳ್ಳಿ ಸುತ್ಬೇಕಲ್ಲ. ಆದ್ರೆ ಕೊಳಕು ಮುಖದಲ್ಲಿ ಕಳ್ಸಲ್ಲ. ನೀವೇ ಉಜ್ಜಬೇಕು, ಇಲ್ಲೇ, ನನ್ನೆದುರಿಗೆ. ಇನ್ನೊಂದು ಚಂದ್ರ ಹುಟ್ಟಿದ್ರೆ ಗಾಡಿ ನೇರ ಗುಜರಿಗೆ.”

ಗಡಿಯಾರದ ಮುಳ್ಳಿನಷ್ಟು ಖಚಿತವಾದ ಮನುಷ್ಯ, ಗುಜರಿಯೆಂದರೆ ಗುಜರಿ. ಷಡ್ಡಕನ ಹೆಂಡತಿ ನನ್ನ ಬಳಿ ಬಂದು ಪಿಸುಗುಟ್ಟಿದಳು: “ಭಾವ, ಇವತ್ತೇನಾದ್ರೂ ಹೆಚ್ಚುಕಮ್ಮಿ ಆದ್ರೆ ಇವರು ಅಂಗಡಿ ಬಾಗಿಲು ಹಾಕ್ತಾರೆ. ನೀವು ನೋಡ್ತಾ ಇರಿ.” ಅವಳ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ, ಆ ಗುಣ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಮೀಸಲು.

ಮುಂಬಾಗಿಲ ನೆರಳಿನಲ್ಲಿ ಕಾರು. ಅದರಿಂದ ಎರಡು ಮಾರು ದೂರದಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಮಾವ, ಮಾವನ ಕೈಯಲ್ಲಿ ಭೂತಗನ್ನಡಿ. ಮೆತ್ತಣ್ಣ ತೊಳೆದ, ಒರೆಸಿದ, ಅಂಚುಗಳಿಗೆಲ್ಲ ಕಾಗದದ ಟೇಪು ಅಂಟಿಸಿದ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಅಲ್ಲಲ್ಲಿ ಮುಟ್ಟಿಸುತ್ತ ಹೋದ. ಬಾನೆಟ್ಟಿನ ಉಬ್ಬುಗೆರೆಯ ಬಳಿ ಬಂದಾಗ ಅಂಕಿ ಅರ್ಧಕ್ಕಿಳಿಯಿತು. ಅಲ್ಲಿ ಉಳಿದಿದ್ದ ಬಣ್ಣ ಒಂದು ಕೂದಲೆಳೆಗಿಂತ ತೆಳು. ಅವನ ಕೆನ್ನೆ ಒಮ್ಮೆ ಅದುರಿತು.

ಅಂಗೈಯಗಲದ ಜಾಗದಲ್ಲಿ ಮೊದಲು ಅತಿ ಮೆತ್ತನೆಯ ಪ್ಯಾಡು ಹಾಕಿ ಪರೀಕ್ಷಿಸಿದ. ಗೀರುಗಳು ಕದಲಲಿಲ್ಲ.

“ಏನೂ ಆಗ್ಲಿಲ್ಲ” ಎಂದರು ಮಾವ.

“ಏನೂ ಆಗಲ್ಲ ಅಂತ ಗೊತ್ತಾಯ್ತಲ್ಲ ಮಾವ. ಮೆತ್ತನೇದ್ರಿಂದಲೇ ಶುರು ಮಾಡ್ಬೇಕು. ಮೇಲೆ ಹತ್ತಬಹುದು, ತೆಗೆದ ಬಣ್ಣ ವಾಪಸ್ ಹಾಕೋಕಾಗಲ್ಲ.”

ಬುಟ್ಟಿಯಿಂದ ಐದು ಪ್ಯಾಡು ಕೆನ್ನೆಗೆ ಮುಟ್ಟಿಸಿ ನಾಲ್ಕನ್ನು ವಾಪಸ್ ಇಟ್ಟು, ನಡುವಿನ ಗಡುಸಿನದೊಂದನ್ನು ಆರಿಸಿದ. ಯಂತ್ರ ಸದ್ದು ಮಾಡಿತು. ಜೇಡರಬಲೆಯಂತೆ ಸುತ್ತಿಕೊಂಡಿದ್ದ ಗೀರುಗಳು ಮಂಜಿನಂತೆ ಕರಗತೊಡಗಿದವು. ಅದೇ ವೇಳೆಗೆ ಪ್ಯಾಡಿನ ಮುಖ ನೀಲಿಯಾಯಿತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

“ಬಣ್ಣ ಬರ್ತಾ ಇದೆ! ನಿಲ್ಸಿ! ಬಣ್ಣ ಬರ್ತಾ ಇದೆ!”

“ಹಳೇ ಕಾಲದ ಬಣ್ಣ ಮಾವ, ಮೇಲೆ ಗಾಜಿನಂಥ ಪದರ ಇಲ್ಲ. ಸ್ವಲ್ಪ ಬಂದೇ ಬರುತ್ತೆ. ಮೆತ್ತಗೆ ಕೂತ್ಕೊಳ್ಳಿ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಮಾವ ಕೂತರು, ಆದರೆ ಕುರ್ಚಿ ಒಂದು ಮಾರು ಹತ್ತಿರ ಸರಿದಿತ್ತು. ಒಂದೊಂದು ಭಾಗಕ್ಕೂ ಒಂದೊಂದು ಹೊಸ ಪ್ಯಾಡು. ಬಿಸಿಯಾದದ್ದನ್ನು ತೆಗೆದು ಬ್ರಷ್ಷಿನಿಂದ ಕೆರೆದು ಆರಲು ಬಿಟ್ಟ. ಬಾಗಿಲು ಮುಗಿಯಿತು, ಮಡ್‌ಗಾರ್ಡು ಮುಗಿಯಿತು, ಚಾವಣಿ ಮುಗಿಯಿತು. ಉಳಿದದ್ದು ಬಾನೆಟ್ಟು.

ಚಂದ್ರನ ಸುತ್ತಲಿನ ಒಂದು ಗೇಣು ಜಾಗಕ್ಕೆ ಅವನು ಮತ್ತೆ ಅತಿ ಮೆತ್ತನೆಯ ಪ್ಯಾಡನ್ನೇ ಹಾಕಿದ. ಯಂತ್ರವನ್ನು ಎಷ್ಟು ಹಗುರವಾಗಿ ಹಿಡಿದಿದ್ದನೆಂದರೆ, ಮಲಗಿದ ಮಗುವಿನ ರೆಪ್ಪೆಯ ಮೇಲೆ ಅದನ್ನು ಓಡಿಸಿದ್ದರೂ ಮಗು ಮಗ್ಗುಲು ಬದಲಿಸುತ್ತಿರಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗೀರುಗಳು ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದವು. ಮಾವನ ತಾಳ್ಮೆಯ ದಾರ ತುಂಡಾಯಿತು.

“ಒತ್ತಿ ಅಳಿಯಂದ್ರೇ, ಒತ್ತಿ. ಊಟ ಮಾಡಿಲ್ವಾ?”

ಯಂತ್ರ ನಿಂತಿತು. ಮೆತ್ತಣ್ಣನೇ ಗುಂಡಿ ಒತ್ತಿ ನಿಲ್ಲಿಸಿದ್ದ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಕೋಟಿನ ಲಾಡಿ ನಡುಗುತ್ತಿತ್ತು.

ಮೂವತ್ತೊಂದು ವರ್ಷದ ಹಿಂದೆಯೂ ಇದೇ ಜಾಗದಲ್ಲಿ ನಿಂತು ಇದೇ ಮಾತನ್ನು ಇದೇ ಮಾವ ಹೇಳಿದ್ದರು. ಒತ್ತಿ ಅಳಿಯಂದ್ರೇ, ಒತ್ತಿ, ಊಟ ಮಾಡಿಲ್ವಾ. ಹೊಸ ಅಳಿಯ ಒತ್ತಿದ, ಚಂದ್ರ ಹುಟ್ಟಿದ. ಅವತ್ತು ಅಲ್ಲಿದ್ದ ಮೂರನೆಯವನು ನಾನು. ಹೇಳಿದವರು ಮರೆತರು, ಕೇಳಿದವನು ಬಾಯಿ ಬಿಡಲಿಲ್ಲ, ಕಂಡ ನಾನು, ಲೋಕದ ಎಲ್ಲ ವಿಷಯಕ್ಕೂ ನಾಲಗೆ ಚಾಚುವ ನಾನು, ಮಾವನ ಮುಂದೆ ನಾಲಗೆಯನ್ನು ಮಡಚಿ ಇಟ್ಟುಕೊಂಡೆ. ಹೆಂಡತಿಗೂ ಅವನು ಈ ಸಂಗತಿ ಹೇಳಿರಲಿಲ್ಲ.

ಮೆತ್ತಣ್ಣ ತಿರುಗಿದ. ಯಂತ್ರವನ್ನು ಎರಡು ಕೈಯಲ್ಲಿ ಎತ್ತಿ ಮಾವನ ಮುಂದೆ ಹಿಡಿದ.

“ನೀವೇ ಒತ್ತಿ ಮಾವ.”

“ಅಪ್ಪಾ, ಬೇಡ” ಎಂದಳು ಕಿರಿಯ ಮಗಳು. ಮಾವ ಸೋಲುವ ಜಾತಿಯಲ್ಲ. ಭೂತಗನ್ನಡಿಯನ್ನು ನನ್ನ ಕೈಗೆ ತುರುಕಿ, ಯಂತ್ರ ಹಿಡಿದು ಗುಂಡಿ ಒತ್ತಿಯೇಬಿಟ್ಟರು. ಎಂಬತ್ತಮೂರರ ಆ ಕೈ ಚಂದ್ರನ ಪಕ್ಕದಲ್ಲಿ, ಕೂದಲೆಳೆಯ ಬಣ್ಣದ ಮೇಲೆ, ಹೆಗಲಿನ ಬಲವನ್ನೆಲ್ಲ ಹಾಕಿ ಅದುಮಿತು. ನಾನು ಕಣ್ಣು ಮುಚ್ಚಿಕೊಂಡೆ. ಗುಜರಿಯವನ ಲಾರಿಯ ಸದ್ದು ನನಗೆ ಕೇಳಿಯೂ ಬಿಟ್ಟಿತ್ತು.

“ಇದ್ಯಾಕೆ ತಿರುಗ್ತಾ ಇಲ್ಲ? ಕೆಟ್ಟೋಯ್ತಾ?”

ಕಣ್ಣು ಬಿಟ್ಟೆ. ಯಂತ್ರ ಗುಂಯ್ಗುಡುತ್ತಿತ್ತು, ಪ್ಯಾಡು ಮಾತ್ರ ನಿಂತಲ್ಲೇ ಅಲುಗುತ್ತಿತ್ತು. ಪ್ಯಾಡಿನ ಬೆನ್ನ ತಟ್ಟೆಯ ಮೇಲೆ ಮೆತ್ತಣ್ಣ ಎಳೆದಿದ್ದ ಕಪ್ಪುಗೆರೆ ಸುತ್ತದೆ ಒಂದೇ ದಿಕ್ಕಿಗಿತ್ತು.

“ಕೆಟ್ಟಿಲ್ಲ ಮಾವ. ಈಗಿನ ಯಂತ್ರ ಇದು, ಜಾಸ್ತಿ ಒತ್ತಿದ್ರೆ ತಿರುಗೋದು ನಿಲ್ಸಿಬಿಡುತ್ತೆ. ಆ ಕಪ್ಪುಗೆರೆ ನೋಡ್ತಾ ಕೈ ಸಡಿಲ ಮಾಡಿ. ಇನ್ನೂ. ಮೆತ್ತಗೆ.”

ಮಾವನ ಹೆಗಲು ಇಳಿಯಿತು. ಗೆರೆ ಮೆಲ್ಲಗೆ ತಿರುಗಿತು, ಆಮೇಲೆ ಮಸುಕಾಯಿತು, ಆಮೇಲೆ ಕಾಣದಾಯಿತು. ಅಳಿಯ ಮಾವನ ಮೊಣಕೈಗೆ ಎರಡು ಬೆರಳು ತಾಗಿಸಿ ದಾರಿ ತೋರಿಸುತ್ತಿದ್ದ. ಒಂದು ಸುತ್ತು ಮುಗಿದ ಮೇಲೆ ಮಾವ ಯಂತ್ರ ನಿಲ್ಲಿಸಿ, ಅದನ್ನೇ ನೋಡುತ್ತ ಕೇಳಿದರು:

“ಅವತ್ತಿನದು ನಿಲ್ತಿರ್ಲಿಲ್ವಾ?”

“ಇಲ್ಲ ಮಾವ. ಅದು ಹೇಳಿದ ಹಾಗೆ ಕೇಳ್ತಿತ್ತು.”

ಹೆಂಡತಿಯ ಹಲ್ಲಿನಿಂದ ಸೆರಗು ಜಾರಿತು. ಅವಳು ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಭೂತಗನ್ನಡಿಯಲ್ಲಿ ನನ್ನ ಚಪ್ಪಲಿಯನ್ನು ಪರೀಕ್ಷಿಸತೊಡಗಿದೆ. ಮಾವ ಜೇಬಿನಿಂದ ಸ್ಕೇಲು ತೆಗೆದರು. ಚಂದ್ರನನ್ನು ಅಳೆಯದೆ ಹಾಗೆಯೇ ಒಳಗಿಟ್ಟರು.

ಉಳಿದ ಕೆಲಸ ಮೂರು ಗಂಟೆಗೆ ಮುಗಿಯಿತು. ಆ ನೀಲಿಯೊಳಗೆ ಇಳಿದರೆ ಈಜಿಯೇ ದಡ ಸೇರಬೇಕು, ಹಾಗಿತ್ತು. ಹೊಸ ಮಚ್ಚೆ ಎಲ್ಲಿಯೂ ಇರಲಿಲ್ಲ.

ಮೆತ್ತಗಿರುವ ಮನುಷ್ಯರನ್ನು ಕಂಡಾಗ ಅವರು ಹುಟ್ಟಿನಿಂದಲೇ ಹಾಗೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಅಲ್ಲ. ಇನ್ನೊಬ್ಬರ ಮಾತಿಗೆ ಎಂದೋ ಒಮ್ಮೆ ಅತಿಯಾಗಿ ಒತ್ತಿ, ಅದರ ಬಿಳಿಗಲೆಯನ್ನು ಊರೆಲ್ಲ ನೋಡುವಂತೆ ಹೊತ್ತವರು ಅವರು. ಒತ್ತಿಸಿದವರ ಹೆಸರು ಹೇಳದೆ, ಉಳಿದ ಆಯುಷ್ಯವನ್ನೆಲ್ಲ ಕೈ ಹಗುರ ಮಾಡಿಕೊಳ್ಳುವುದರಲ್ಲೇ ಕಳೆಯುತ್ತಾರೆ. ನಮ್ಮಂಥ ಬಾಯಾಳಿಗಳ ಸಂಸಾರಗಳು ಸುಡದೆ ಉಳಿದಿರುವುದು ಅಂಥವರ ದೆಸೆಯಿಂದ.

ಮೊಮ್ಮಗಳಿಗೆ ಕೀಲಿ ಕೊಡುವ ಮುನ್ನ ಮಾವ ಕಾರನ್ನು ಮೂರು ಸುತ್ತು ಬಂದರು. ಇನ್ಸ್‌ಪೆಕ್ಟರಾಗಿದ್ದವರು, ಒಂದು ತಪ್ಪೂ ಬರೆದುಕೊಳ್ಳದೆ ಹೊರಟರೆ ಊಟ ಸೇರುವುದಿಲ್ಲ. ಬಾನೆಟ್ಟಿನ ಮುಂದೆ ನಿಂತು ಕೆಮ್ಮಿದರು.

“ಎಲ್ಲಾ ಸರಿ ಅಳಿಯಂದ್ರೇ. ಆದ್ರೆ ಚಂದ್ರ ಹಾಗೇ ಇದಾನಲ್ಲ. ಇಷ್ಟು ಮಾಡಿದವರು ಅದಕ್ಕೂ ಒಂದು ತೊಟ್ಟು ಬಣ್ಣ ಮುಟ್ಟಿಸಬಹುದಿತ್ತು.”

ಮೆತ್ತಣ್ಣ ಪ್ಯಾಡುಗಳನ್ನು ಬುಟ್ಟಿಗೆ ತುಂಬುತ್ತಿದ್ದವನು ತಲೆಯೆತ್ತದೆ ಹೇಳಿದ:

“ಅದು ಇಬ್ಬರು ಸೇರಿ ಹಾಕಿದ ಸಹಿ ಮಾವ. ನಾನೊಬ್ಬನೇ ಹೇಗೆ ಅಳಿಸಲಿ?”